ಗಂಟಲು ದಾಟದ ತುತ್ತು

ಅನ್ನ ಇಳಿಯೋದಿಲ್ಲ ಅಂತ ಬರುವ ಹಿರಿಯರ ಗಂಟಲು ಪರೀಕ್ಷೆ ಮಾಡುವುದು ತೊಂಬತ್ತರ ದಶಕದ ಕೊನೆಯಲ್ಲಿ, ತಮಿಳುನಾಡಿನ ತೇನಿಯಲ್ಲಿ, ನನ್ನ ಕೆಲಸವಾಗಿತ್ತು. ನಗುವಿಗೆ ಅಲ್ಲಿ ಬರ ಬಂದದ್ದೇ ಇಲ್ಲ. ಕಂಬಂ ಕಣಿವೆಯ ಗಂಟಲು ಅನ್ನಕ್ಕೆ ಮುಚ್ಚಿದರೂ ಮಾತಿಗೆ ಮುಚ್ಚುವುದಿಲ್ಲ. ಅಲ್ಲಿ ತಲೆಮಾರುಗಳಿಂದ ನೆಲೆಸಿದ ಕನ್ನಡಿಗರಿಗೆ ಡಾಕ್ಟರ ಮನೆಮಾತೂ ಕನ್ನಡವೇ ಅಂತ ತಿಳಿದರಂತೂ ಕೇಳಲೇಬೇಡಿ; ಹಿರಿಯರಿಗೆಲ್ಲ ನಾನು ತಂಬಿ, ಅಂದರೆ ತಮ್ಮ.

ಖಾಲಿ ಹೊಟ್ಟೆ

ತೇವಾರಂ ಊರಿನ ತಾತ ಒಬ್ಬರಿಗೆ ಗಂಟಲಲ್ಲಿ ಕೊಳವೆ ಇಳಿಸಿ ನೋಡಬೇಕಿತ್ತು. ಖಾಲಿ ಹೊಟ್ಟೆಯಲ್ಲಿ ಬನ್ನಿ ಅಂತ ಬೇಡಿಕೊಂಡಿದ್ದೆ. ಬಂದರು, ವಡೆಯ ಘಮದೊಂದಿಗೆ.

"ಏನೂ ತಿನ್ನಬೇಡಿ ಅಂದಿದ್ದೆನಲ್ಲ ತಾತ?"

"ತಿನ್ನದೆ ಬಂದ್ರೆ ಸಿಕ್ಕೊಳ್ಳೋದು ಏನು ತಂಬಿ? ನಿಂಗೆ ತೋರ್ಸೋಕಂತ್ಲೇ ಬಸ್ ಸ್ಟ್ಯಾಂಡಲ್ಲಿ ನುಂಗ್ಕೊಂಡು ಬಂದೆ. ಅದು ಇಳಿಯೋದ್ರೊಳಗೆ ಬೇಗ ನೋಡು!"

ಭಕ್ತಿವಂತ ಅಳಿಯ

ಬೇರಿಯಂ ಅಂತ ಸುಣ್ಣದ ನೀರಿನಂಥ ಔಷಧ. ಕುಡಿಸಿ ಎಕ್ಸ್-ರೇ ತೆಗೆದರೆ ಅನ್ನ ಎಲ್ಲಿ ತಡೆಯುತ್ತದೆ ಅಂತ ಗೊತ್ತಾಗುತ್ತದೆ. ಬೋಡಿ ಪೇಟೆಯ ಏಲಕ್ಕಿ ವ್ಯಾಪಾರಿಗೆ ಅದನ್ನು ಲೋಟದಲ್ಲಿ ಕಲಸಿಟ್ಟು ಕೈ ತೊಳೆದು ಬಂದೆ. ಲೋಟ ಖಾಲಿ. ಪಕ್ಕದಲ್ಲಿ ನಿಂತಿದ್ದ ಅಳಿಯನಿಗೆ ಬಿಳಿ ಮೀಸೆ.

"ಮಾವನಿಗೆ ಕೊಡೋಕೆ ಮುಂಚೆ ಒಗ್ಗುತ್ತಾ ಅಂತ ರುಚಿ ನೋಡ್ದೆ ಸಾರ್."

ಮಾವನಿಗೆ ಬೇರೆ ಕಲಸಿ ಕೊಟ್ಟು ಪರೀಕ್ಷೆ ಮುಗಿಸಿದೆ. ಮರುದಿನ ಫೋನು ಬಂತು. "ಮಾವ ಚೆನ್ನಾಗವ್ರೆ ಸಾರ್. ನಂಗೇ ಬೆಳಗ್ಗಿಂದ ಬೆಳ್ಳಗೆ ಹೋಗ್ತಾ ಇದೆ. ಇದು ಯಾವ ಕಾಯ್ಲೆ?"

ಅತ್ತೆಯ ಹಲ್ಲು

ಕಂಬಂ ಹತ್ತಿರದ ಗೂಡಲೂರಿನ ಅಜ್ಜಿಗೆ ತಿಂಗಳುಗಳಿಂದ ಗಂಜಿ ಬಿಟ್ಟು ಬೇರೇನೂ ಇಳಿಯುತ್ತಿರಲಿಲ್ಲ. ಮೈ ಕಡ್ಡಿಯಾಗಿತ್ತು. ದಿಂಡಿಗಲ್ಲಿನಲ್ಲಿ ಎಕ್ಸ್-ರೇ ತೆಗೆಸಿದರೂ ಏನೂ ಕಂಡಿರಲಿಲ್ಲ. ಮಗ ಕ್ಯಾನ್ಸರ್ ಅಂತ ತೀರ್ಮಾನಿಸಿ ಮೂಲೆಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ. ಜೊತೆಗೆ ಬಂದಿದ್ದ ಸೊಸೆಗೂ ಅತ್ತೆಗೂ ಮಾತೇ ಇಲ್ಲ. ಅತ್ತೆ ಕಟ್ಟಿಸಿಕೊಂಡಿದ್ದ ಕೃತಕ ಹಲ್ಲಿನ ತುಂಡು ಕಳೆದಿತ್ತಂತೆ. ಸೊಸೆಯೇ ಕದ್ದಳು ಅಂತ ಬೀದಿಗೆಲ್ಲ ಸಾರಿಯಾಗಿತ್ತು. ಅತ್ತೆಯ ಹಲ್ಲು ಕದ್ದು ಸೊಸೆ ಏನು ಮಾಡುತ್ತಾಳೆ ಅಂತ ಬೀದಿಯಲ್ಲಿ ಯಾರೂ ಕೇಳಲಿಲ್ಲ. ನೆರೆಹೊರೆಯೆಂದರೆ ಹಾಗಿರಬೇಕು.

ಕೊಳವೆ ಇಳಿಸಿದೆ. ಅನ್ನನಾಳದಲ್ಲಿ ಎಕ್ಸ್-ರೇ ಕಣ್ಣಿಗೆ ಬೀಳದ ಗುಲಾಬಿ ಪ್ಲಾಸ್ಟಿಕ್ಕು, ಅದರ ಮೇಲೆ ಎರಡು ಹಲ್ಲು. ಅಜ್ಜಿ ಯಾವಾಗಲೋ ಊಟದ ಜೊತೆಗೇ ನುಂಗಿದ್ದರು. ನಾನು ಮೆಲ್ಲಗೆ ಎಳೆದು ತೆಗೆದು ತಟ್ಟೆಯಲ್ಲಿಟ್ಟೆ.

ಮಗ ಕೈಮುಗಿದ. ಸೊಸೆ ಅತ್ತೇಬಿಟ್ಟಳು. "ಈಗ್ಲಾದ್ರೂ ಹೇಳಿ ಅತ್ತೆ, ನಾನು ಕದ್ದಿದ್ನಾ?"

ಅಜ್ಜಿ ನೀರು ಕುಡಿದರು. ಸಲೀಸಾಗಿ ಇಳಿಯಿತು. ಹಲ್ಲನ್ನು ತಿರುಗಿಸಿ ಮುರುಗಿಸಿ ನೋಡಿ, ನನ್ನ ಕಡೆ ವಾಲಿ ಪಿಸುಗುಟ್ಟಿದರು:

"ನೋಡ್ದಾ ತಂಬಿ? ಕದ್ದು, ಸಿಕ್ಬೀಳ್ತೀನಿ ಅಂತ ಕೊಳಂಬು ಸಾರಲ್ಲಿ ಹಾಕಿ ನಂಗೇ ತಿನ್ಸವ್ಳೆ!"