ಕಿಮೊನೊ ತೊಟ್ಟು ಬೀಗರ ಮನೆಗೆ

ಬಟ್ಟೆಯ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ. ಬೈಲಹೊಂಗಲದ ನಮ್ಮ ಓಣಿಯಲ್ಲಿ ಇಪ್ಪತ್ತು ವರ್ಷದಿಂದ ಸೀರೆಗೆ ಫಾಲ್ ಹಚ್ಚುತ್ತಿದ್ದೇನೆ. ಯಾವ ಸೀರೆಗೆ ಯಾವ ಬ್ಲೌಸು ಒಪ್ಪುತ್ತದೆ ಎಂದು ಕೇಳಲು ಹೆಂಗಸರು ನನ್ನ ಹತ್ತಿರವೇ ಬರುತ್ತಾರೆ. ಹೀಗಿರುವಾಗ ಒಂದು ಕಿಮೊನೊ, ಜಪಾನಿನವರ ಆ ನಿಲುವಂಗಿ, ನನಗೆ ಯಾವ ಲೆಕ್ಕ?

ವಿಷಯ ಇಷ್ಟೇ. ರಾಮದುರ್ಗಕ್ಕೆ ಕೊಟ್ಟ ನನ್ನ ಮಗಳು ಸವಿತಾಗೆ ಏಳು ತಿಂಗಳು ತುಂಬಿತ್ತು. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕೆಂಬುದು ಪದ್ಧತಿ. ಆದರೆ ಬೀಗಿತಿ ಗಂಗಕ್ಕನವರು ಫೋನಿನಲ್ಲಿ ರಾಗ ಎಳೆದರು.

"ನಿಮ್ಮದೆಲ್ಲಾ ಹಳೇ ಕಾಲದ್ದು ಬಿಡ್ರಿ. ಈಗಿನ ಹುಡುಗ್ಯಾರಿಗೆ ಹೊಂದೂದಿಲ್ಲ. ಸವಿತಾ ಇಲ್ಲೇ ಇರಲಿ. ಕುಬಸಕ್ಕ ಬರ್ತೀರಲ್ಲ, ಆಗ ಮಾತಾಡೂಣು."

ಕುಬಸವೆಂದರೆ ನಮ್ಮ ಕಡೆಯ ಸೀಮಂತ. ಅದಕ್ಕೆ ಉಳಿದಿದ್ದುದು ಹದಿನೈದೇ ದಿನ. ಮಗಳು ಮನೆಗೆ ಬರಬೇಕು, ಮೊಮ್ಮಗುವಿಗೆ ನನ್ನ ಕೈಯಾರೆ ನೀರು ಎರೆಯಬೇಕು ಎಂದು ನಾನು ಹಗಲುಗನಸು ಕಾಣುತ್ತಿದ್ದರೆ, ನಾನು ಹಳೇ ಕಾಲದವಳಂತೆ! ತೋರಿಸುತ್ತೇನೆ ಎಂದುಕೊಂಡೆ.

ಆ ಹೊತ್ತಿಗೇ ಮೊಬೈಲಿನಲ್ಲಿ ಒಬ್ಬ ಹುಡುಗಿ ಒಂದೇ ಉದ್ದನೆಯ ಕಿಮೊನೊವನ್ನು ಹತ್ತು ಸಂದರ್ಭಕ್ಕೆ ಹತ್ತು ರೀತಿ ತೊಟ್ಟು ತೋರಿಸಿದಳು. ಜೀನ್ಸ್ ಮೇಲೆ ಹಾಗೇ ಬಿಟ್ಟರೆ ತಿರುಗಾಟಕ್ಕೆ, ನಡುಪಟ್ಟಿ ಕಟ್ಟಿದರೆ ಸಮಾರಂಭಕ್ಕೆ, ಸೀರೆಯ ಮೇಲೆ ಹಾಕಿದರೆ ಪೂಜೆಗೂ ನಡೆಯುತ್ತದಂತೆ. ತಕ್ಷಣ ತರಿಸಿದೆ. ಗಿಳಿಹಸಿರು ಬಣ್ಣ, ಮೈತುಂಬ ಬಿಳಿ ಕೊಕ್ಕರೆ, ಮುಂಭಾಗ ಪೂರ್ತಿ ತೆರೆದದ್ದು, ತೋಳು ಮಾತ್ರ ಜೋಳದ ಚೀಲದಷ್ಟು ಅಗಲ.

ನಮ್ಮ ಮನೆಯವರು ಕನ್ನಡಕ ಸರಿ ಮಾಡಿಕೊಂಡು ನೋಡಿದರು. "ಕಟಿಂಗ್ ಅಂಗಡ್ಯಾಗ ಕೊರಳಿಗೆ ಬಟ್ಟಿ ಕಟ್ಟತಾರಲ್ಲ, ಅದನ್ನ ತಂದೀ ಏನು?"

ಅವರಿಗೆ ಉತ್ತರ ಕೊಡುವುದನ್ನು ನಾನು ಮದುವೆಯಾದ ವರ್ಷವೇ ಬಿಟ್ಟಿದ್ದೇನೆ.

ಮೊದಲ ಪ್ರಯೋಗ ಪಕ್ಕದ ಮನೆಯ ನೂರಜಾನಳ ಚಹಾಕ್ಕೆ. ಬಿಸ್ಕೀಟು ಅದ್ದುವ ಮೊದಲು ತೋಳೇ ಅದ್ದಿತು.

"ಅಕ್ಕಾ, ನಿನಗಿಂತ ನಿನ್ನ ತೋಳಿಗೇ ಚಾ ಬೇಕಾಗೇತಿ ನೋಡು!" ಎಂದು ಅವಳು ನಕ್ಕಳು.

ಸಣ್ಣ ದೋಷ. ತೋಳಿಗೆ ಪಿನ್ನು ಹಚ್ಚಿದೆ. ಸೀರೆಯ ಮೇಲೆ ಹಾಕಿ ನೋಡಿದರೆ ಕನ್ನಡಿಯಲ್ಲಿ ಸುತ್ತಿಟ್ಟ ಹಾಸಿಗೆಯಂತೆ ಕಂಡೆ. ಆದ್ದರಿಂದ ಕುಬಸಕ್ಕೆ ಚೂಡಿದಾರದ ಮೇಲೆ ಕಿಮೊನೊ, ನಡುವಿಗೆ ಪಟ್ಟಿ ಎಂದು ಸರ್ವಾನುಮತದಿಂದ ನಾನೊಬ್ಬಳೇ ತೀರ್ಮಾನಿಸಿದೆ.

ಕುಬಸದ ದಿನ ಯರಗಟ್ಟಿಯಲ್ಲಿ ಬಸ್ಸು ಬದಲಿಸುವಾಗ ಒಬ್ಬ ಅಜ್ಜಿ ಮರುಗಿದಳು. "ಆಪರೇಶನ್ ಯಾವಾಗ ಆತವ್ವಾ? ದವಾಖಾನಿ ಅಂಗ್ಯಾಗ ಇಷ್ಟ ಲಗೂ ಓಡಾಡಬ್ಯಾಡ." ನಾನು ಕ್ಷಮಿಸಿದೆ. ಫ್ಯಾಶನ್ ಎಲ್ಲರಿಗೂ ತಿಳಿಯುವುದಿಲ್ಲ.

ಬೀಗರ ಮನೆಯಲ್ಲಿ ಮಾತ್ರ ನನ್ನ ಲೆಕ್ಕಾಚಾರ ತಪ್ಪಲಿಲ್ಲ. ಗಂಗಕ್ಕನವರು ಬಾಗಿಲಲ್ಲೇ ಬಾಯಿ ತೆರೆದು ನಿಂತರು. "ಅಯ್ಯ, ನಮ್ಮ ಬೀಗಿತಿ ಟೀವಿಯೊಳಗಿನವರಂಗ ಕಾಣಾಕ ಹತ್ಯಾರಲ್ರಿ!" ಗೆದ್ದೆ! ಮಗಳೊಬ್ಬಳೇ ಹತ್ತಿರ ಬಂದು, "ಅವ್ವಾ, ಚೀಲದಾಗ ಒಂದು ಸೀರಿ ಐತಿಲ್ಲೋ?" ಎಂದು ಪಿಸುಗುಟ್ಟಿದಳು. ಪಾಪ, ಬಸುರಿಗೆ ಏನೇನೋ ಚಿಂತೆ ಎಂದುಕೊಂಡೆ.

ಹಸಿರು ಸೀರೆ, ಹಸಿರು ಬಳೆ, ಆರತಿ, ಹಾಡು, ಎಲ್ಲ ಚೆನ್ನಾಗಿ ಆಯಿತು. ಸವಿತಾಳ ಉಡಿ ತುಂಬಿದ ಮೇಲೆ ಗಂಗಕ್ಕನವರು ನನ್ನ ಕಡೆ ತಿರುಗಿದರು.

"ಬರ್ರಿ, ನಿಮಗೂ ಉಡಿ ತುಂಬತೇನಿ. ಸೆರಗ ಒಡ್ರಿ."

ಸೆರಗು!

ಸಾವಿರಾರು ಸೀರೆ ಮಡಚಿಟ್ಟ ನನ್ನ ಕೈ ಎಡ ಹೆಗಲಿನ ಮೇಲೆ ಹುಡುಕಾಡಿತು. ಅಲ್ಲಿ ಒಂದು ಕೊಕ್ಕರೆ ಬಿಟ್ಟರೆ ಏನೂ ಇರಲಿಲ್ಲ.

"ಟಾವೆಲ್ ಕೊಡ್ಲೇನವ್ವಾ?" ಎಂದಳು ಮಗಳು.

"ಬ್ಯಾಡ. ಇದರಾಗ ಎಲ್ಲಾ ವ್ಯವಸ್ಥಾ ಐತಿ," ಎಂದು ಗಂಭೀರವಾಗಿ ಹೇಳಿ, ಕಿಮೊನೊದ ಮುಂದಿನ ಎರಡು ಅಂಚುಗಳನ್ನು ಎತ್ತಿ ಹಿಡಿದೆ. ಅಕ್ಕಿ ಬಿತ್ತು. ಉತ್ತತ್ತಿ, ಅಡಿಕೆ, ಅರಿಶಿನ ಕೊಂಬು ಬಿದ್ದವು. ಕೊನೆಗೆ ತೆಂಗಿನಕಾಯಿ. ಆ ಭಾರಕ್ಕೆ ನುಣುಪು ಬಟ್ಟೆಯ ನಡುಪಟ್ಟಿ ಸಡಿಲಾಗಿ, ಗಂಟು ಬಿಚ್ಚಿ, ಕಿಮೊನೊ ಬಾಗಿಲು ತೆರೆದಂತೆ ತೆರೆದುಕೊಂಡಿತು. ಒಳಗೆ ಚೂಡಿದಾರ ಇದ್ದದ್ದೇ ಪುಣ್ಯ! ಅಕ್ಕಿ ನಡುಮನೆ ತುಂಬ ಹರಡಿತು. ತೆಂಗಿನಕಾಯಿ ನೇರವಾಗಿ ಪಕ್ಕದಲ್ಲಿ ನಿಂತಿದ್ದ ಗಂಗಕ್ಕನವರ ಯಜಮಾನರ ಕಾಲಿನ ಹೆಬ್ಬೆರಳಿಗೆ ಬಿತ್ತು. ಅದನ್ನು ಹಿಡಿಯಲು ಬಾಗಿದ ನಾನು ನನ್ನದೇ ಅಂಚು ತುಳಿದು, ಅಕ್ಕಿಯ ಮೇಲೆ ಜಾರಿ ಕುಳಿತೆ.

ಉಡಿ ಚೆಲ್ಲಿದರೆ ಅಪಶಕುನ ಎಂಬುದು ಸಣ್ಣ ಹುಡುಗಿಗೂ ಗೊತ್ತು. ಮಗಳು ಇನ್ನು ತವರಿಗೆ ಬಂದ ಹಾಗೆಯೇ ಎನಿಸಿ ನನಗೆ ಅಳುವೇ ಬಂತು.

ಮೊದಲು ನಕ್ಕವರು ಗಂಗಕ್ಕನವರೇ. ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ ನನ್ನನ್ನು ಕೈಹಿಡಿದು ಎಬ್ಬಿಸಿದರು.

"ನಾ ಹಳೇ ಕಾಲದ್ದು ಅಂದೆ ಅಂತ ಮಗಳಿಗಾಗಿ ಇಷ್ಟೆಲ್ಲಾ ವೇಷ ಹಾಕ್ಕೊಂಡ ಬಂದೀರಲ್ರಿ! ಕರಕೊಂಡ ಹೋಗ್ರಿ, ಬ್ಯಾಡ ಅನ್ನೂದಿಲ್ಲ. ಆದ್ರ ನಾನೂ ಬರತೇನಿ."

"ನೀವ್ಯಾಕ್ರಿ?"

"ಒಂದು ತೆಂಗಿನಕಾಯಿ ಹಿಡಿಯಾಕ ಬಾರದವರ ಕೈಯಾಗ ಕೂಸು ಹೆಂಗ ಕೊಡ್ಲಿ?"

ಈಗ ಕೂಸಿಗೆ ಎರಡು ತಿಂಗಳು. ಎರೆಯುವವರು ಗಂಗಕ್ಕನವರು, ತೊಟ್ಟಿಲು ತೂಗುವವರೂ ಅವರೇ. ನನಗೆ ನೀರು ಕಾಯಿಸುವ ಕೆಲಸ. ಕೂಸನ್ನು ಎತ್ತಿಕೊಳ್ಳುತ್ತೇನೆಂದು ಕೈ ಚಾಚಿದರೆ, ನನ್ನ ಮನೆಯಲ್ಲೇ, ನಮ್ಮ ಓಣಿಯ ಹೆಂಗಸರೆದುರಿಗೇ ಅವರು ಹೇಳುತ್ತಾರೆ: "ಮೊದಲ ನೆಲದ ಮ್ಯಾಲೆ ಕುಂದರ್ರಿ. ಆಮ್ಯಾಲೆ ಕೊಡತೇನಿ."

ನಾನು ಕುಳಿತುಕೊಳ್ಳುತ್ತೇನೆ.