ಕಲ್ ಎಂದರೆ ಯಾವತ್ತು?

ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಹೇಳಿ ಹೊಟ್ಟೆ ಹೊರೆದವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ಗೊತ್ತಿರುವುದನ್ನು ಇದ್ದದ್ದು ಇದ್ದಂತೆ ಹೇಳಿ ಮರ್ಯಾದೆ ಕಳೆದುಕೊಂಡವನು ಮಾತ್ರ, ನಾನು ಕಂಡ ಮಟ್ಟಿಗೆ, ನಾನೊಬ್ಬನೇ. ಅದೂ ಎಲ್ಲಿ? ಶ್ರೀನಿವಾಸಪುರದಲ್ಲಿ, ನಮ್ಮ ಮನೆ ಓನರ್ ವೆಂಕಟರೆಡ್ಡಿಯವರ ನಡುಮನೆಯಲ್ಲಿ, ಒಂದು ಭಾನುವಾರ ಬೆಳಿಗ್ಗೆ, ಇಡೀ ಬೀದಿ ಬಾಯಿ ಬಿಟ್ಟುಕೊಂಡು ನನ್ನನ್ನೇ ನೋಡುತ್ತಿರುವಾಗ.

ನಾನು ಆಗ ಹೈಸ್ಕೂಲಿನಲ್ಲಿ ಹಿಂದಿ ಮೇಷ್ಟ್ರು. ಆ ಕಾಲದಲ್ಲಿ ಹಿಂದಿ ಮೇಷ್ಟ್ರಿಗೆ ಎಷ್ಟು ಗೌರವ ಇತ್ತೆಂದರೆ, ಲೆಕ್ಕದ ಮೇಷ್ಟ್ರನ್ನು ಕಂಡರೆ ಜನ ಸೈಕಲ್ಲಿನಿಂದ ಇಳಿಯುತ್ತಿದ್ದರು, ನನ್ನನ್ನು ಕಂಡರೆ ದಾರಿ ಬಿಡಲಿ ಎಂದು ಬೆಲ್ ಹೊಡೆಯುತ್ತಿದ್ದರು. ಹಿಂದಿಯಲ್ಲಿ ಫೇಲಾದ ಹುಡುಗನಿಗೆ ಮನೆಯಲ್ಲಿ ಬೈಯುವವರಿರಲಿಲ್ಲ. ಪಾಸಾದವನನ್ನೇ ಅನುಮಾನದಿಂದ ನೋಡುತ್ತಿದ್ದರು. ಇಂಥ ನನ್ನ ಹಣೆಬರಹ ಬದಲಾದದ್ದು ಟಿ.ವಿ.ಯಿಂದ. ರೆಡ್ಡಿಯವರದು ಮಾವಿನ ಮಂಡಿ. ಒಂದು ವರ್ಷ ಫಸಲು ಕೈತುಂಬ ಬಂದು ಅವರ ಮನೆಗೆ ಟಿ.ವಿ. ಬಂತು. ತಾರಸಿಯ ಮೇಲೆ ತೆಂಗಿನ ಮರದಷ್ಟು ಎತ್ತರದ ಕಂಬ ನಿಲ್ಲಿಸಿ ಆಂಟೆನಾ ಕಟ್ಟಿದರು. ಬೆಂಗಳೂರಿನಿಂದ ಹೊರಟ ಚಿತ್ರ ದಾರಿಯಲ್ಲೇ ಅರ್ಧ ಸೋರಿಹೋಗಿ, ಉಳಿದ ಅರ್ಧ ರಾಗಿಹಿಟ್ಟು ಉದುರಿಸಿದ ಹಾಗೆ ಇವರ ಪೆಟ್ಟಿಗೆಯಲ್ಲಿ ಕಾಣುತ್ತಿತ್ತು. ಅದನ್ನು ಜನ ಸಹಿಸಿಕೊಂಡರು. ಸಹಿಸಲಾಗದ್ದು ಹಿಂದಿ. ನಮ್ಮ ಬೀದಿಯವರು ಮನೆಯೊಳಗೆ ತೆಲುಗು ಆಡಿ, ಹೊಸಿಲು ದಾಟಿದ ಮೇಲೆ ಕನ್ನಡ ಆಡುವವರು. ಹಿಂದಿಗೆ ಈ ಎರಡರಲ್ಲಿ ಒಂದೂ ನೆರವಿಗೆ ಬರಲಿಲ್ಲ.

"ಮೇಷ್ಟ್ರೇ, ನೀವ್ ಓದಿದ್ದು ಈಗ ಕೆಲ್ಸಕ್ ಬಂತು ನೋಡಿ. ಬನ್ನಿ ಸಾ, ಮುಂದ್ಗಡೆ ಕೂತ್ಕೊಳ್ಳಿ" ಎಂದು ರೆಡ್ಡಿಯವರೇ ಬಂದು ಕರೆದರು. ಕೈಗಳಿದ್ದ ಮರದ ಕುರ್ಚಿ ನನಗೆ. ನನ್ನ ಹೆಂಡತಿ ಸರೋಜಳಿಗೆ ರೆಡ್ಡಿಯವರ ಮನೆಯಾಕೆಯ ಪಕ್ಕ ಸೋಫಾದಲ್ಲಿ ಜಾಗ. ಕಾಫಿಯ ತಟ್ಟೆ ಮೊದಲು ನನ್ನ ಹತ್ತಿರ ಬಂದು ಆಮೇಲೆ ಮಿಕ್ಕವರ ಕಡೆ ತಿರುಗುತ್ತಿತ್ತು. ಸುಳ್ಳು ಯಾಕೆ ಹೇಳಲಿ, ನನಗೆ ಬಹಳ ಖುಷಿಯಾಗುತ್ತಿತ್ತು. ಶನಿವಾರವೇ ಅಂಗಿಗೆ ಇಸ್ತ್ರಿ ಮಾಡಿಟ್ಟುಕೊಳ್ಳುತ್ತಿದ್ದೆ.

ಆಗ ಬರುತ್ತಿದ್ದದ್ದು ಒಂದು ವಿಜ್ಞಾನದ ಕತೆ. ನಮ್ಮ ಬೀದಿಯಲ್ಲಿ ಅದಕ್ಕೆ 'ಬೀರು ಸೀರಿಯಲ್' ಎಂದೇ ಹೆಸರು. ಒಬ್ಬ ವಿಜ್ಞಾನಿ ಕಾಲದಲ್ಲಿ ಹಿಂದಕ್ಕೂ ಮುಂದಕ್ಕೂ ಹೋಗುವ ಯಂತ್ರ ಕಟ್ಟಿರುತ್ತಾನೆ. ನೋಡಲು ಅದು ಬಟ್ಟೆ ಇಡುವ ಬೀರುವಿಗೆ ಸೀರಿಯಲ್ ಸೆಟ್ ಬಲ್ಬು ಸುತ್ತಿದ ಹಾಗೆ ಇತ್ತು. ಅವನ ಹೆಂಡತಿ ಮೊದಲ ವಾರವೇ ಕಾರು ಅಪಘಾತದಲ್ಲಿ ಹೋದಳು. ಮಗಳು ಇಂದಿನ ಕಾಲದಲ್ಲಿ ಔಷಧಿಯೇ ಇಲ್ಲದ ಕಾಯಿಲೆಯಿಂದ ಮಲಗಿದ್ದಾಳೆ. ಯಂತ್ರ ಓಡುವುದು ಒಂದೇ ಸಲ. ನಿನ್ನೆಗೆ ಹೋದರೆ ಹೆಂಡತಿಯನ್ನು ಕಾರು ಹತ್ತದಂತೆ ತಡೆಯಬಹುದು. ನಾಳೆಗೆ ಹೋದರೆ ಮಗಳಿಗೆ ಔಷಧಿ ತರಬಹುದು. ಬೀದಿ ಎರಡು ಪಾರ್ಟಿಯಾಯಿತು. ಗಂಡಸರೆಲ್ಲ ಹೆಂಡತಿಯ ಕಡೆ, ಹೆಂಗಸರೆಲ್ಲ ಮಗಳ ಕಡೆ. ಹೆಂಡತಿಯ ಮೇಲೆ ನಮ್ಮ ಬೀದಿಯ ಗಂಡಸರಿಗೆ ಇಷ್ಟೊಂದು ಪ್ರೀತಿ ಇದೆಯೆಂಬುದು ಅವರವರ ಹೆಂಡತಿಯರಿಗೂ ಆಗಲೇ ಗೊತ್ತಾದದ್ದು.

ರೆಡ್ಡಿಯವರ ತಾಯಿ ಮುನಿಲಕ್ಷ್ಮಮ್ಮ ಮಾತ್ರ ಇದನ್ನು ಕತೆ ಎಂದು ನೋಡಲೇ ಇಲ್ಲ. ಆ ಹುಡುಗಿ ಕೆಮ್ಮಿದರೆ ಅಜ್ಜಿ ಇಲ್ಲಿ ಎದೆ ನೀವಿಕೊಳ್ಳುತ್ತಿದ್ದರು. "ಮಗು ಉಳ್ಕೊಂಡ್ರೆ ಗಂಗಮ್ಮಂಗೆ ತಂಬಿಟ್ಟಿನ ದೀಪ ಹೊರ್ತೀನಿ" ಎಂದು ಹರಕೆಯನ್ನೂ ಹೊತ್ತುಬಿಟ್ಟಿದ್ದರು. ಅಕ್ಕಿ ನೆನೆಹಾಕುವುದೊಂದು ಬಾಕಿ. ಮಗು ಉಳಿಯಿತೋ ಇಲ್ಲವೋ ಎಂದು ಹೇಳಬೇಕಾದವನು ನಾನು. ನನ್ನ ಅನುವಾದದ ಕ್ರಮವನ್ನೂ ಹೇಳಿಬಿಡುತ್ತೇನೆ. ವಿಜ್ಞಾನಿ ಐದು ನಿಮಿಷ ಬಿಡದೆ ವಿಜ್ಞಾನ ಮಾತಾಡಿದರೆ "ಮಿಷನ್ ರೆಡಿ ಆಯ್ತಂತೆ" ಎಂದು ಮುಗಿಸುತ್ತಿದ್ದೆ. ಹುಡುಗಿ "ಪಿತಾಜಿ" ಎಂದು ಒಂದೇ ಮಾತು ಅಂದರೆ ಅದನ್ನು ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುವವರೆಗೆ ವಿಸ್ತರಿಸುತ್ತಿದ್ದೆ. ಒಬ್ಬರೂ ತಕರಾರು ತೆಗೆಯಲಿಲ್ಲ.

ಕೊನೆಯ ಕಂತಿನ ದಿನ ಕಿಟಕಿಯಲ್ಲೂ ಜನ. ವಿಜ್ಞಾನಿ ಬೀರುವಿನ ಬಾಗಿಲು ತೆಗೆದ. ಅವನ ಮುದಿ ತಾಯಿ ನಡುಗುವ ದನಿಯಲ್ಲಿ, ಎಲ್ಲಿಗೆ ಹೋಗುತ್ತಿದ್ದೀಯಪ್ಪ ಎಂದು ಕೇಳಿದಳು. ಅವನು ತಿರುಗಿ ನೋಡಿದ. ಕಣ್ಣಲ್ಲಿ ನೀರು. "ಕಲ್" ಎಂದ. ಬಾಗಿಲು ಮುಚ್ಚಿತು, ಬಲ್ಬು ಕುಣಿದವು, ಹೊಗೆ ಎದ್ದಿತು. ಮೊದಲನೇ ಭಾಗ ಮುಗಿಯಿತು, ಎರಡನೆಯದು ಶೀಘ್ರದಲ್ಲೇ, ಎಂದು ಅಕ್ಷರಗಳು ಬಂದವು.

"ಏನಂದ ಮೇಷ್ಟ್ರೇ? ಎಲ್ಲಿಗ್ ಹೋದ?" ಎಂದರು ಅಜ್ಜಿ.

ಹಿಂದಿಯಲ್ಲಿ ನಿನ್ನೆಗೂ ಕಲ್, ನಾಳೆಗೂ ಕಲ್. ಹಿಂದೆ ಮುಂದೆ ಇರುವ ಮಾತು ನೋಡಿ ಅರ್ಥ ಮಾಡಿಕೊಳ್ಳಬೇಕು ಎಂದು ಪ್ರತಿ ವರ್ಷ ಎಂಟನೇ ಕ್ಲಾಸಿಗೆ ಪಾಠ ಮಾಡುತ್ತಿದ್ದವನು ನಾನೇ. ಇಲ್ಲಿ ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ, ಬರೀ ಹೊಗೆ. ಕಳೆದುಹೋದ ಕಲ್ ಎಂದೋ ಬರಲಿರುವ ಕಲ್ ಎಂದೋ ಆ ಪುಣ್ಯಾತ್ಮ ಇನ್ನೊಂದು ಮಾತು ಸೇರಿಸಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಯಾವುದಾದರೊಂದು ಹೇಳಿ ಪಾರಾಗಬಹುದಿತ್ತು. ಆದರೆ ಅಜ್ಜಿಯ ಮುಖ ನೋಡಿ, ಹರಕೆಯ ವಿಷಯ, ದೇವರ ಹತ್ತಿರ ಆಟ ಬೇಡ ಅನ್ನಿಸಿತು. ಇದ್ದದ್ದನ್ನು ಇದ್ದಂತೆ ಹೇಳಿದೆ.

ರೆಡ್ಡಿಯವರು, "ಅದೆಂಗ್ ಸಾ ನಿನ್ನೆಗೂ ನಾಳೆಗೂ ಒಂದೇ ಮಾತು? ಹಾಲ್ ಹಾಕೋನು 'ಕಲ್ ಬರ್ತೀನಿ' ಅಂದ್ರೆ ಆ ಸೀಮೆ ಜನ ಪಾತ್ರೆ ಹಿಡ್ಕೊಂಡು ಕಾಯ್ಬೇಕಾ, ಬಂದ್ ಹೋದ ಅಂತ ಸುಮ್ನಾಗ್ಬೇಕಾ?" ಎಂದರು. ಬಾಗಿಲ ಬಳಿಯಿಂದ ಯಾರೋ, "ಆ ಪಾಠದ ದಿನ ಮೇಷ್ಟ್ರು ರಜ ಹಾಕಿರ್ಬೇಕು ಕಣ್ಲಾ" ಎಂದರು. ನಗು ಹಬ್ಬಿತು. ಇಷ್ಟು ವಾರ ಅರೆಬರೆ ಹೇಳಿದ್ದೆಲ್ಲ ವೇದವಾಕ್ಯವಾಗಿತ್ತು. ಅಂದು ಅಪ್ಪಟ ನಿಜ ಹೇಳಿದ್ದಕ್ಕೆ ನನಗೆ ಹಿಂದಿ ಬರುವುದಿಲ್ಲ ಎಂದು ತೀರ್ಮಾನವಾಯಿತು.

ನನಗೂ ರೋಷ ಬಂತು. "ಬೇಕಾದ್ರೆ ಬಾಷಾ ಸಾಹೇಬರನ್ನ ಕೇಳಿ" ಎಂದೆ. ಬಾಷಾ ಸಾಹೇಬರು ಬೀದಿ ಕೊನೆಯ ಟೈಲರ್. ಮನೆಮಾತು ಉರ್ದು. ಭಾನುವಾರ ಹೊಲಿಗೆ ಹೆಚ್ಚು ಎಂದು ಅವರು ಟಿ.ವಿ. ಕಡೆ ತಲೆ ಹಾಕುತ್ತಿರಲಿಲ್ಲ. ಕೊರಳಲ್ಲಿ ಟೇಪು ಇದ್ದಂತೆಯೇ ಬಂದರು, ಕೇಳಿದರು, "ಹೌದು, ಮೇಷ್ಟ್ರು ಹೇಳೋದು ಸರಿಯಾಗೇ ಅದೆ. ಕಲ್ ಅಂದ್ರೆ ಎರಡೂ ಆಗ್ತದೆ" ಎಂದರು. ನಾನು ಎದೆಯುಬ್ಬಿಸುವಷ್ಟರಲ್ಲಿ ಸೋಫಾದ ಮೇಲಿನಿಂದ ನನ್ನ ಹೆಂಡತಿಯೇ, "ಹಾಗೋ! ಯುಗಾದಿಗೆ ಹೊಲಿಯೋಕೆ ಕೊಟ್ಟ ಬ್ಲೌಸು ಕೇಳಿದಾಗಲೆಲ್ಲ ನಾಳೆ ನಾಳೆ ಅಂತೀರಲ್ಲ ಸಾಹೇಬ್ರೇ, ನಿಮ್ಮ ಲೆಕ್ಕದಲ್ಲಿ ಅದು ನಿನ್ನೆಯೇ ಕೊಟ್ಟಾಗಿದೆ ಅನ್ನಿ!" ಎಂದಳು. ಹೆಂಗಸರಿಗೆಲ್ಲ ತಮ್ಮ ತಮ್ಮ ಬ್ಲೌಸುಗಳು ಒಟ್ಟಿಗೆ ನೆನಪಿಗೆ ಬಂದವು. ಬಾಷಾ ಸಾಹೇಬರು ಬಂದ ದಾರಿಯಲ್ಲೇ ಬೇಗ ಬೇಗ ಹೊರಟರು, ಅವರ ಜೊತೆಗೆ ನನ್ನ ಸಾಕ್ಷಿಯೂ ಹೋಯಿತು.

ಆಗ ಅಜ್ಜಿ ಕೈ ಎತ್ತಿದರು. "ಯಾಕ್ರೋ ಬಡ್ಕೊಂತೀರಾ? ಅವ್ನು ಅಂದಿದ್ದು ನಂಗೂ ಕೇಳಿಸ್ತು. ಕಲ ಅಂದ. ಕಲ ಅಂಟೇ ಕಲೇ ಕದಾ!"

ತೆಲುಗಿನಲ್ಲಿ ಕಲ ಎಂದರೆ ಕನಸು. ಎಲ್ಲವೂ ಕನಸು! ಹೆಂಡತಿ ಕಾರು ಹತ್ತಲೂ ಇಲ್ಲ, ಸಾಯಲೂ ಇಲ್ಲ. ಮಗಳಿಗೆ ಕಾಯಿಲೆಯೂ ಇಲ್ಲ. ಆ ತಾಯಿ ಎಲ್ಲಿಗೆ ಹೋಗ್ತೀಯ ಅಂದಳು, ಇದೆಲ್ಲ ಕಲಮ್ಮಾ ಎಂದು ಮಗ ಸಮಾಧಾನ ಹೇಳಿದ. ಅಷ್ಟೇ. ನಾನು "ಅಜ್ಜೀ, ಅವನು ಮಾತಾಡೋದು ಹಿಂದಿ, ತೆಲುಗಲ್ಲ" ಎಂದದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹಾಕಿಕೊಳ್ಳುವುದಾದರೂ ಯಾಕೆ? ನನ್ನ ಹಿಂದಿಯಲ್ಲಿ ಇಬ್ಬರಲ್ಲಿ ಒಬ್ಬರು ಸಾಯಲೇಬೇಕಿತ್ತು. ಅಜ್ಜಿಯ ತೆಲುಗಿನಲ್ಲಿ ಇಬ್ಬರೂ ಉಳಿದರು. ಮರುದಿನವೇ ಅಜ್ಜಿ ಮಡಿಯುಟ್ಟು, ತಂಬಿಟ್ಟಿನ ದೀಪ ತಲೆಯ ಮೇಲಿಟ್ಟುಕೊಂಡು ಗಂಗಮ್ಮನ ಗುಡಿಗೆ ಹೊರಟರು. ಬೀದಿಯ ಹೆಂಗಸರೆಲ್ಲ ಹಿಂದೆ. ನಮ್ಮ ಮನೆಗೂ ತಂಬಿಟ್ಟು ಬಂತು. ಏಲಕ್ಕಿ ಹಾಕಿ ಚೆನ್ನಾಗಿ ಮಾಡಿದ್ದರು.

"ಅಷ್ಟು ವಾರ ಏನೇನೋ ಸೇರಿಸಿ ಹೇಳಿದ್ರಲ್ಲ, ಆವತ್ತೊಂದು ದಿನ ಸತ್ಯಹರಿಶ್ಚಂದ್ರ ಆಗೋದಕ್ಕೆ ನಿಮಗೆ ಯಾರು ಹೇಳಿದ್ರು?" ಎಂದು ಸರೋಜ ವಾರವಿಡೀ ಕೇಳಿದಳು. ಎರಡನೇ ಭಾಗ ಬರಲಿ, ಆಗ ಗೊತ್ತಾಗುತ್ತದೆ ಎಂದು ಹಲ್ಲು ಕಚ್ಚಿಕೊಂಡು ಕಾದೆ. ಅದು ಬರಲೇ ಇಲ್ಲ. ಆ ಹೊತ್ತಿಗೆ ಬೇರೊಂದು ಸೀರಿಯಲ್ ಶುರುವಾಯಿತು. ಮುಂದೆ ಕೂತು ಅರ್ಥ ಹೇಳುವ ಕೆಲಸ ಈಗ ಅಜ್ಜಿಯದು. ನಾನು ಗೋಡೆಗೆ ಒರಗಿ ಚಾಪೆಯ ಮೇಲೆ ಕೂತೆ. ಮೊದಮೊದಲು ಅಜ್ಜಿ ತಪ್ಪು ಹೇಳಿದಾಗಲೆಲ್ಲ ನನ್ನೊಳಗಿನ ಮೇಷ್ಟ್ರು ಚಡಪಡಿಸುತ್ತಿದ್ದ. ಬರುಬರುತ್ತಾ ಒಂದು ವಿಚಿತ್ರ ನಡೆಯಿತು. ಟಿ.ವಿ.ಯವರು ಹೇಳುತ್ತಿದ್ದ ಕತೆಗಿಂತ ಅಜ್ಜಿ ಹೇಳುತ್ತಿದ್ದದ್ದೇ ನನಗೂ ರುಚಿಸತೊಡಗಿತು. ಒಂದು ಭಾನುವಾರ ತೆರೆಯ ಮೇಲೆ ಸೊಸೆಯೊಬ್ಬಳು ಬಿಕ್ಕಿ ಬಿಕ್ಕಿ ಅಳುತ್ತಾ ಉದ್ದಕ್ಕೆ ಏನೋ ಹೇಳಿಕೊಂಡಳು. ಒಂದೊಂದು ಮಾತೂ ನನಗೆ ತಿಳಿಯಿತು. ಆದರೂ ತಡೆಯಲಾಗದೆ ಕೇಳಿಯೇಬಿಟ್ಟೆ: "ಅಜ್ಜೀ, ಅವಳು ಯಾಕೆ ಅಳ್ತಿದಾಳೆ?"

ಅಜ್ಜಿ ತಿರುಗಿ, ಕ್ಲಾಸಿನ ದಡ್ಡ ಹುಡುಗನನ್ನು ನಾನು ನೋಡುವಂತೆ, ನನ್ನನ್ನು ನೋಡಿದರು. "ಇನ್ನೊಂಚೂರು ಹತ್ರ ಬಂದ್ ಕೂತ್ಕೊಳಪ್ಪಾ ಮೇಷ್ಟ್ರೇ" ಎಂದರು. "ನಿಂಗೆ ಪಾಪ ಹಿಂದಿ ಬರಲ್ಲ."

ನಾನು ಚಾಪೆ ಎಳೆದುಕೊಂಡು ಹತ್ತಿರ ಸರಿದೆ.