ಕಾಲೇಜಿಗೊಂದು ಬಿಲ್ಲೆ ಹಲಗೆ

ಪುಕ್ಕಲರಲ್ಲಿ ಎರಡು ಬಗೆ: ಕಳೆದುಹೋಗುತ್ತೇನೆಂದು ಹೆದರುವವರು, ಸಿಕ್ಕಿಬೀಳುತ್ತೇನೆಂದು ಹೆದರುವವರು. ನಾನು ಎರಡಕ್ಕೂ ಸೇರಿದವನು. ಹಾಗಾಗಿ ಪಿ.ಯು.ಸಿ. ಪಾಸಾಗಿ, ಬಿ.ಎ. ಎಲ್ಲಿ ಓದುವುದೆಂಬ ಪ್ರಶ್ನೆ ಎದ್ದಾಗ ಗಂಟಲಲ್ಲಿ ಮುದ್ದೆಯೇ ಇಳಿಯಲಿಲ್ಲ. ಬಂಗಾರಪೇಟೆಯಿಂದ ಒಂದು ಕಡೆಗೆ ರೈಲು ಹತ್ತಿದರೆ ಬೆಂಗಳೂರಿನ ದೊಡ್ಡ ಕಾಲೇಜು. ಒಂದೊಂದು ತರಗತಿಗೆ ನೂರೈವತ್ತು ಮಂದಿ. ಚಿನ್ನದ ಗಣಿಯ ಕಡೆಗೆ ಹತ್ತಿದರೆ ಆಂಡರ್ಸನ್‌ಪೇಟೆಯ ಹೊಸ ಕಾಲೇಜು, ಇಡೀ ಬಿ.ಎ.ಗೆ ಎಂಟು ಮಂದಿ. ಎಂಟು ಮಂದಿಯ ನಡುವೆ ಮೇಷ್ಟರ ಕಣ್ಣು ತಪ್ಪಿಸುವುದು ಹೇಗೆ? ಎದ್ದು ನಿಂತು ಇಂಗ್ಲಿಷಿನಲ್ಲಿ ಉತ್ತರ ಹೇಳುವುದಕ್ಕಿಂತ ಕಳೆದುಹೋಗುವುದೇ ವಾಸಿ ಎಂದು ಬೆಂಗಳೂರನ್ನು ಆರಿಸಿದೆ. ಮನೆಯಲ್ಲಿ ಮಾತ್ರ, "ಅಲ್ಲಿ ಲೈಬ್ರರಿ ದೊಡ್ಡದು" ಎಂದೆ.

ಸೇರಿಸಲು ಜೊತೆಗೆ ಬಂದವನು ಚಾಂಪಿಯನ್ ರೀಫ್ಸ್ ಗಣಿಯಲ್ಲಿ ಕೆಲಸಕ್ಕಿದ್ದ ಸೋದರಮಾವ ಸೊಣ್ಣಪ್ಪ. ದೊಡ್ಡ ಕಾಲೇಜಿನ ಗುಮಾಸ್ತರ ಮುಂದೆ ನಿಂತು, "ಸ್ವಾಮಿ, ನಿಮ್ಮ ಬಿಲ್ಲೆ ಅಲಗೆ ಎಲ್ಲೈತೆ?" ಎಂದು ಕೇಳಿಯೇಬಿಟ್ಟ. ನಾನು ನಾಚಿಕೆಯಿಂದ ಕಂಬದ ಹಿಂದೆ ಸರಿದೆ. ಗಣಿಗೆ ಇಳಿಯುವವನು ತನ್ನ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ಹಲಗೆಯಿಂದ ತೆಗೆದುಕೊಂಡು ಹೋಗಿ, ಮೇಲೆ ಬಂದಾಗ ಅದೇ ಮೊಳೆಗೆ ತೂಗುಹಾಕಬೇಕು. ಒಂದು ಮೊಳೆ ಖಾಲಿ ಉಳಿದರೂ ಹುಡುಕಲು ಜನ ಇಳಿಯುತ್ತಾರೆ. ಮಾವನಿಗೆ ಗೊತ್ತಿದ್ದ ದೊಡ್ಡ ಸಂಸ್ಥೆ ಅದೊಂದೇ.

"ಒಳಕ್ಕೋದ ಉಡುಗ ಈಚಿಗೆ ಬರ್ದೇ ಇದ್ರೆ ನಿಮ್ಗೆ ಎಂಗ್ ಗೊತ್ತಾಗ್ತದೆ?"

"ಅದೆಲ್ಲ ನಮಗ್ಯಾಕಯ್ಯ? ಪರೀಕ್ಷೆಗೆ ಬಂದರೆ ಇದ್ದಾನೆ ಅಂತ ಲೆಕ್ಕ" ಎಂದರು ಗುಮಾಸ್ತರು.

ಮಾವ ಅರ್ಜಿ ಮಡಚಿ ಜೇಬಿಗಿಟ್ಟ. "ನಡೀಲಾ. ನಮ್ಮಕ್ಕನ ಮಗನ್ನ ಇಂತಾ ಗಣಿಗೆ ಇಳ್ಸಲ್ಲ ನಾನು."

"ಮಾವ, ಲೈಬ್ರರಿ..."

"ಲೈಬ್ರರೀನ ಮನೆಗೆ ಒತ್ಕೊಂಡು ಬತ್ತೀಯೇನ್ಲಾ?"

ಆಂಡರ್ಸನ್‌ಪೇಟೆಯ ಪ್ರಿನ್ಸಿಪಾಲರಿಗೂ ಅದೇ ಪ್ರಶ್ನೆ ಹೋಯಿತು. ಅವರು ನಗಲಿಲ್ಲ. "ಇವನು ಒಂಬತ್ತನೆಯವನು. ಬರದಿದ್ದರೆ ನಾನೇ ಹುಡುಕುತ್ತೇನೆ" ಎಂದರು. ಮಾವನಿಗೆ ಪರಮಾನಂದ; ನಾನು ಆಗಲೇ ತರಗತಿಯ ಕೊನೆಯ ಬೆಂಚು ಎಲ್ಲಿದೆಯೆಂದು ಹುಡುಕುತ್ತಿದ್ದೆ.

ಎರಡನೆಯ ವಾರವೇ ಐದು ನಿಮಿಷ ಇಂಗ್ಲಿಷ್ ಭಾಷಣದ ಸರದಿ ನನ್ನದಾಯಿತು. ಅಂದು ನಾನು ರೈಲು ಹತ್ತಲೇ ಇಲ್ಲ. ಬಂಗಾರಪೇಟೆ ಸ್ಟೇಷನ್ನಿನ ಕೊನೆಯ ಬೆಂಚಿನಲ್ಲಿ ಟವೆಲ್ ಹೊದ್ದು ಕೂತೆ. ಮಧ್ಯಾಹ್ನದ ರೈಲಿನಿಂದ ಪ್ರಿನ್ಸಿಪಾಲರು ಇಳಿದರು. ನಾನು ಟವೆಲನ್ನು ಮುಖದ ಮೇಲೆ ಎಳೆದುಕೊಂಡೆ.

"ಬೆಳಿಗ್ಗೆಯಿಂದ ಎಂಟೇ ತಲೆ ಇದ್ದವು. ಏನಾಯಿತೋ ಅಂತ ಹೆದರಿಬಿಟ್ಟೆ ಕಣಯ್ಯ. ನಿಮ್ಮ ಮನೆಗೇ ಹೊರಟಿದ್ದೆ" ಎಂದು ಪಕ್ಕದಲ್ಲಿ ಕೂತರು. ನನಗಾಗಿ ಇನ್ನೊಬ್ಬರು ಹೆದರಬಹುದೆಂದು ನಾನು ಯೋಚಿಸಿಯೇ ಇರಲಿಲ್ಲ. ಅತ್ತುಬಿಟ್ಟೆ. ಅವರು ಅಳು ಮುಗಿಯುವವರೆಗೆ ಕಾದು, "ವಾಪಸ್ ರೈಲಿಗೆ ಇನ್ನೂ ಅರ್ಧ ಗಂಟೆ ಇದೆ. ಆ ಭಾಷಣ ಇಲ್ಲೇ ಮಾಡು" ಎಂದರು. ಮಾಡಿದೆ. ಕೇಳಿದವರು ಅವರು ಮತ್ತು ಇಬ್ಬರು ಪೋರ್ಟರುಗಳು; ಚಪ್ಪಾಳೆ ತಟ್ಟಿದವರು ಪೋರ್ಟರುಗಳು ಮಾತ್ರ.

ಈಗ ನಾನು ಅದೇ ಕಾಲೇಜಿನಲ್ಲಿ ಮೇಷ್ಟ್ರು. ಒಂದು ತಲೆ ಕಡಿಮೆಯಾದರೂ ಮತ್ತೆ ಮತ್ತೆ ಎಣಿಸುತ್ತೇನೆ. ಮೊನ್ನೆ ಒಬ್ಬ ಹುಡುಗ ಬರಲಿಲ್ಲ. ಬಿಡುವಿನಲ್ಲಿ ರೈಲು ಹತ್ತಿ ಬಂಗಾರಪೇಟೆಗೆ ಹೋದೆ. ಕೊನೆಯ ಬೆಂಚು ಖಾಲಿ. ಅವನ ಮನೆಗೆ ಹೋದರೆ ನೆಗಡಿಯೆಂದು ಕಂಬಳಿ ಹೊದ್ದು ಮಲಗಿದ್ದ. ಸಮಾಧಾನವಾಯಿತು. ಸ್ಟೇಷನ್ನಿಗೆ ಮರಳುವಷ್ಟರಲ್ಲಿ ಕಾಲೇಜಿನ ಕಡೆಯ ರೈಲು ಹೊರಟುಹೋಗಿತ್ತು. ಅದೇ ಬೆಂಚಿನಲ್ಲಿ ಕೂತೆ. ಸಾಯಂಕಾಲದ ರೈಲಿನಿಂದ ಇಳಿದ ನನ್ನ ಹುಡುಗರು ಕಂಡವರೇ ಓಡಿಬಂದರು.

"ಏನ್ ಸಾರ್, ಮಧ್ಯಾನದ ಪಾಠಕ್ಕೆ ನೀವೇ ಬರ್ಲಿಲ್ಲ! ಎದ್ರಿಕೊಂಡ್ಬಿಟ್ವಿ!"